ಮನೆ ಬಂದಿತ್ತು, ಜಾಗ ಇರಲಿಲ್ಲ

2021ರಲ್ಲಿ ನಾನು ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷೆ ಆದೆ. ಮೀಸಲಾತಿಯಲ್ಲಿ ಬಂದ ಕುರ್ಚಿ, ಎರಡೂವರೆ ವರ್ಷದ್ದು. ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆ ಊರು ನಮ್ಮದು. ಮೊದಲ ದಿನದಿಂದಲೇ ಬಾಗಿಲಿಗೆ ಬಂದವರದ್ದೆಲ್ಲ ಒಂದೇ ಮಾತು: "ಅಕ್ಕಾ, ನಮಗೊಂದು ಮನೆ ಹಾಕ್ಕೊಡಿ." ಮನೆಗಳನ್ನು ನಾನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದೇನೆ ಅನ್ನೋ ಹಾಗೆ.

ಮೇಲಿಂದ ಮನೆಗಳು ಕಡಿಮೆ ಬರುತ್ತಿವೆ, ಹೋಗಿ ಜಾಸ್ತಿ ಕೇಳಿದರಾಯಿತು ಅಂತ ಅಂದುಕೊಂಡಿದ್ದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಳೇ ಫೈಲು ತೆಗೆದು ತೋರಿಸಿದರು. ಹಿಂದಿನ ಸಲ ಬಂದ ಮನೆಗಳಲ್ಲೇ ಹನ್ನೊಂದು ರದ್ದಾಗಿದ್ದವು. ಎಲ್ಲದರ ಮುಂದೆ ಒಂದೇ ಷರಾ, "ನಿವೇಶನ ಇಲ್ಲ". ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್, ಹೆಸರು ಯಾವುದೇ ಇರಲಿ, ಅವು ಕೊಡುವುದು ಕಟ್ಟುವ ದುಡ್ಡನ್ನು. ಜಾಗ ನಮ್ಮ ಹೆಸರಲ್ಲಿ ಮೊದಲೇ ಇರಬೇಕು, ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತಿನ ಕಾಗದ ಇರಬೇಕು. ಹಾಗಾಗಿ ಅರ್ಧ ಗೋಡೆ ಇದ್ದವನಿಗೆ ಇನ್ನರ್ಧ ಗೋಡೆ ಆಗುತ್ತಿತ್ತು. ಕರುವಿನ ಕೊಟ್ಟಿಗೆಗೆ ಸೀರೆ ಮರೆ ಕಟ್ಟಿಕೊಂಡು ಬದುಕುತ್ತಿದ್ದ ಅಜ್ಜಿಯ ಹೆಸರು ಪಟ್ಟಿಯಲ್ಲೇ ಉಳಿಯುತ್ತಿತ್ತು.

ಜಾಗ ಇಲ್ಲ ಎಂದವರಲ್ಲಿ ಎಂಟು ಜನರಿಗೆ ನಿಜವಾಗಿ ಜಾಗ ಇತ್ತು. ಖಾತೆ ಮಾತ್ರ ತಾತನ ಹೆಸರಲ್ಲಿ, ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಅವರನ್ನು ಕೂರಿಸಿ ಪಾಲುಪಟ್ಟಿ ಮಾಡಿಸಿ ಖಾತೆ ಬದಲಾಯಿಸಿದೆವು. ಟೀ, ಬೈಗುಳ, ಮತ್ತೆ ಟೀ. ನಾಲ್ಕು ತಿಂಗಳಲ್ಲಿ ಮುಗಿಯಿತು.

ಉಳಿದವರಿಗೆ ನೆಲವನ್ನೇ ಹುಡುಕಬೇಕಿತ್ತು. ಊರ ಬಡಗಣ ದಿಕ್ಕಿನ ಗೋಮಾಳದ ಮೇಲೆ ಕಣ್ಣು ಬಿತ್ತು. ಗೋಮಾಳ ಅಂದರೆ ಸುಮ್ನೆ ಬಿದ್ದಿರುವ ಜಾಗ ಅಲ್ಲ. ಊರಿನ 100 ರಾಸುಗಳಿಗೆ 30 ಎಕರೆ ಮೇವಿಗೆ ಬಿಡಬೇಕು ಅಂತ ನಿಯಮ ಇದೆ. ಅದಕ್ಕಿಂತ ಹೆಚ್ಚಿದ್ದರಷ್ಟೇ ಬೇರೆ ಕೆಲಸಕ್ಕೆ ಕೇಳಬಹುದು. ಹಾಗಾಗಿ ಮನೆ ಕೆಲಸ ಶುರುವಾಗಿದ್ದು ದನ ಎಣಿಸುವುದರಿಂದ! ಪಶು ಆಸ್ಪತ್ರೆಯಿಂದ ಲೆಕ್ಕ ತಂದೆವು, ಪಹಣಿ ತೆಗೆಸಿದೆವು. ಹೆಚ್ಚುವರಿ ಇದೆ ಅಂತ ಗೊತ್ತಾದ ಮೇಲೆ ಎರಡು ಎಕರೆ ಕೇಳಿ ಠರಾವು ಬರೆದೆವು.

ಕುರಿ ಮೇಯಿಸುವವರು ಗ್ರಾಮಸಭೆಗೆ ಕೋಲು ಹಿಡಿದೇ ಬಂದರು. ಅವರ ಸಿಟ್ಟು ತಪ್ಪು ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ. ನಾವು ಕೇಳಿದ್ದ ಜಾಗದ ನಡುವೆಯೇ ಕೆರೆಗೆ ಹೋಗುವ ಕುರಿದಾರಿ ಇತ್ತು. ನಕ್ಷೆಯಲ್ಲಿ ಅದು ಇಲ್ಲ, ನಮಗೂ ಹೊಳೆದಿರಲಿಲ್ಲ. ಮಾರನೇ ದಿನ ಅವರನ್ನೇ ಕರೆದುಕೊಂಡು ಹೋಗಿ ಸುಣ್ಣ ಹಾಕಿಸಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದೆವು. ಸಹಿ ಬಿತ್ತು.

ಆಮೇಲೆ ಫೈಲು ಒಂದು ಕಚೇರಿಯಲ್ಲಿ ಏಳು ತಿಂಗಳು ಮಲಗಿತ್ತು. ಒಂದು ಸ್ಕೆಚ್ ಕಳೆದುಹೋಗಿದೆ ಎಂದರು. ಅಳತೆ ಎರಡನೇ ಸಲ ಮಾಡಿಸಿದೆವು. ಆಗಿನಿಂದ ಪ್ರತಿ ಕಾಗದಕ್ಕೂ ಮೂರು ಜೆರಾಕ್ಸ್ ಇಟ್ಟುಕೊಂಡೆ, ಸ್ವೀಕೃತಿ ಸೀಲು ಬೀಳದೆ ಅಲ್ಲಿಂದ ಕದಲುತ್ತಿರಲಿಲ್ಲ.

ಜಾಗ ಮಂಜೂರಾದ ಮೇಲೆ ಸೈಟಿನ ಜಗಳ. ಕೆಲವು ಸದಸ್ಯರು 20x30 ಅಡಿ ಮಾಡೋಣ, ಜಾಸ್ತಿ ಜನಕ್ಕೆ ಸಿಗುತ್ತೆ ಎಂದರು. ಲೆಕ್ಕ ಸರಿಯೇ. ಆದರೆ ನಮ್ಮೂರಲ್ಲಿ ಮನೆ ಅಂದರೆ ಬರೀ ಮನೆ ಅಲ್ವಲ್ಲ, ಎರಡು ಮೇಕೆ, ಒಂದು ಸೌದೆ ಒಟ್ಟಿಲು, ಬಚ್ಚಲ ನೀರಿಗೊಂದು ಬಾಳೆಗಿಡ. ನಾನು 30x40ಕ್ಕೆ ಹಠ ಹಿಡಿದೆ. ರಸ್ತೆ, ಚರಂಡಿ ಬಿಟ್ಟು 38 ಸೈಟು ಬಂದವು. ಶಾಲೆಯ ಮೈದಾನದಲ್ಲಿ ಎಲ್ಲರ ಮುಂದೆ ಚೀಟಿ ಎತ್ತಿಸಿದೆವು. ಹಕ್ಕುಪತ್ರ ಎಲ್ಲವೂ ಹೆಂಗಸರ ಹೆಸರಿಗೆ.

ಇಲ್ಲಿ ನನ್ನದೊಂದು ದೊಡ್ಡ ತಪ್ಪಾಯಿತು. ಹಕ್ಕುಪತ್ರ ಕೊಟ್ಟ ಖುಷಿಯಲ್ಲಿ ನೀರು ಮರೆತೆ. ಗಾರೆ ಕಲಸಲು, ಗೋಡೆಗೆ ಹೊಡೆಯಲು ನೀರು ಬೇಡವೇ? ಜನ ಟ್ಯಾಂಕರಿಗೆ ದುಡ್ಡು ಸುರಿದರು, ಕೆಲವರು ಬಿಟ್ಟೇಬಿಟ್ಟರು. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ನೀರಿಗೆ ಅಂತಲೇ ಒಂದು ಪಾಲು ಇತ್ತು. ಅದರಲ್ಲಿ ಬೋರು ಹಾಕಿಸಿ ಪೈಪ್ ಎಳೆಸುವಷ್ಟರಲ್ಲಿ ಒಂದು ಬೇಸಿಗೆ ಕೈಬಿಟ್ಟು ಹೋಗಿತ್ತು. ಮೊದಲು ನೀರು, ಆಮೇಲೆ ಚೀಟಿ ಆಗಬೇಕಿತ್ತು.

ದುಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆವಾಸ್ ಯೋಜನೆಯಲ್ಲಿ ಆಗ ಬಯಲು ಪ್ರದೇಶಕ್ಕೆ 1.20 ಲಕ್ಷ. ಉದ್ಯೋಗ ಖಾತರಿಯಲ್ಲಿ (ನರೇಗಾ) 90 ದಿನದ ಕೂಲಿ, 2022-23ರಲ್ಲಿ ದಿನಕ್ಕೆ 309 ರೂಪಾಯಿ, ಅಂದರೆ 27,810. ಶೌಚಾಲಯಕ್ಕೆ 12,000. ಎಲ್ಲಾ ಕೂಡಿದರೂ 1.60 ಲಕ್ಷ ದಾಟುತ್ತಿರಲಿಲ್ಲ. ಇಷ್ಟರಲ್ಲಿ 25 ಚದರ ಮೀಟರಿನ ಮನೆ ಎದ್ದು ನಿಲ್ಲಬೇಕಿತ್ತು. ಕಷ್ಟ ಮೊತ್ತದ್ದಷ್ಟೇ ಅಲ್ಲ. ಬಿಲ್ಲು, ಅಂದರೆ ಕಂತಿನ ಹಣ, ಬರುತ್ತಿದ್ದುದು ಪಾಯ ಹಾಕಿ, ಜಿಪಿಎಸ್ ಫೋಟೊ ತೆಗೆದ ಮೇಲೆ. ಪಾಯಕ್ಕೇ ನಲವತ್ತು ಸಾವಿರ ಬೇಕಿತ್ತು. ನಲವತ್ತು ಸಾವಿರ ಕೈಯಲ್ಲಿದ್ದವರು ನಮ್ಮ ಪಟ್ಟಿಯಲ್ಲಿ ಯಾಕಿರುತ್ತಾರೆ? ಬಡ್ಡಿಗೆ ತಂದರೆ ಮೊದಲ ಬಿಲ್ಲು ನೇರ ಸಾಲ ಕೊಟ್ಟವನ ಜೇಬಿಗೆ, ಬಾಗಿಲು-ಕಿಟಕಿ ಮೇಲಿನ ಲಿಂಟಲ್ ಹೊತ್ತಿಗೆ ಕೈ ಖಾಲಿ.

ನಾವು ಮಾಡಿದ್ದು ಇಷ್ಟೇ. ಐದೈದು ಮನೆಗೆ ಒಂದು ಗುಂಪು. ಸ್ತ್ರೀಶಕ್ತಿ ಸಂಘದಿಂದ ಗುಂಪಿಗೆ ಸಾಲ. ಕಲ್ಲು, ಮರಳು ಒಟ್ಟಿಗೆ ತರಿಸಿದರೆ ಟ್ರ್ಯಾಕ್ಟರ್ ಬಾಡಿಗೆ ಹಂಚಿಹೋಗುತ್ತದೆ. ಒಬ್ಬರೇ ಮೇಸ್ತ್ರಿ, ಐದು ಪಾಯ ಒಂದೇ ಸಲ. ಐದೂ ಮುಗಿದ ದಿನವೇ ಫೋಟೊ. ಒಬ್ಬರ ಬಿಲ್ಲು ತಡವಾದರೆ ಉಳಿದ ನಾಲ್ವರದ್ದರಲ್ಲಿ ಕೆಲಸ ಓಡುತ್ತಿತ್ತು. ಮೊದಲ ಗುಂಪಿನಲ್ಲಿ ಜಗಳ ಆಯಿತು, ಸಿಮೆಂಟ್ ಚೀಲದ ಲೆಕ್ಕಕ್ಕೆ. ಎರಡನೇ ಗುಂಪಿನಿಂದ ಹತ್ತನೇ ತರಗತಿ ಹುಡುಗಿಯೊಬ್ಬಳ ಕೈಗೆ ನೋಟ್‌ಬುಕ್ ಕೊಟ್ಟೆವು. ಅವಳು ಅರ್ಧ ಚೀಲವನ್ನೂ ಬಿಡದೆ ಬರೆದಳು. ಮೇಸ್ತ್ರಿಯೇ ಅವಳಿಗೆ ಹೆದರುತ್ತಿದ್ದ.

ಹೊಟ್ಟೆ ಉರಿಸಿದ್ದು ಇನ್ನೊಂದು. ಒಬ್ಬ ಹೆಂಗಸಿನ ಮೊದಲ ಕಂತು ಬರಲೇ ಇಲ್ಲ. ಆನ್‌ಲೈನಿನಲ್ಲಿ ನೋಡಿದರೆ ಪಾವತಿಯಾಗಿದೆ. ವಿಚಾರಿಸಿದರೆ, ಅವರು ಮರೆತೇ ಹೋಗಿದ್ದ ಬೇರೊಂದು ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ಆಗಿತ್ತು. ಅಲ್ಲಿ ಗಂಡನ ಜೊತೆ ಸೇರಿ ತೆಗೆದಿದ್ದ ಹಳೇ ಬೆಳೆಸಾಲಕ್ಕೆ ಹಣ ಮುರಿದುಕೊಂಡಿದ್ದರು. ಮೂರು ಸಲ ಅಲೆದು, ಲಿಖಿತ ದೂರು ಕೊಟ್ಟ ಮೇಲೆ ವಾಪಸ್ ಬಂತು. ಅಷ್ಟರಲ್ಲಿ ಮಳೆ ಹಿಡಿದು ಪಾಯದೊಳಗೆ ಕಪ್ಪೆ ಸೇರಿದ್ದವು. ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು, ಪಾಯ ಅಗೆಯುವ ಮುಂಚೆ ನಿಮ್ಮ ಆಧಾರ್ ಯಾವ ಖಾತೆಗೆ ಅಂಟಿದೆ ನೋಡಿಕೊಳ್ಳಿ ಅಂತ.

ನನ್ನ ಅವಧಿ ಮುಗಿಯುವ ಹೊತ್ತಿಗೆ 38ರಲ್ಲಿ 29 ಮನೆಗೆ ತಾರಸಿ ಬಿದ್ದಿತ್ತು. ಉಳಿದ ಒಂಬತ್ತರಲ್ಲಿ ಆರು ಮನೆಯವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ. ಬೇರೆಯವರ ಮನೆ ಕಟ್ಟಿ ದುಡ್ಡು ಕೂಡಿಸಿ ತಮ್ಮದನ್ನು ಎಬ್ಬಿಸುತ್ತೇವೆ ಎನ್ನುತ್ತಾರೆ. ಕೊಟ್ಟಿಗೆಯ ಅಜ್ಜಿಗೆ ಮೂಲೆ ಸೈಟು ಬಂತು. ಮನೆ ಆದಮೇಲೂ ಆಕೆ ಮಲಗುವುದು ಹೊರಗಿನ ಜಗಲಿಯಲ್ಲೇ. ಒಳಗೆ ಸೆಕೆಯಂತೆ. ಒಳಗಿನ ಕೋಣೆಯಲ್ಲಿ ಮೇಕೆ ಇದೆ.