ಒಣ ಎಲೆಗೆ ಬೆಂಕಿ ಇಡಬೇಡಿ, ಗೊಬ್ಬರ ಮಾಡಿ

ಫೆಬ್ರವರಿ ಬಂತು ಅಂದ್ರೆ ನಮ್ಮ ಬೀದಿಯ ಹೊಂಗೆ ಮರ ಎಲೆ ಉದುರಿಸೋಕೆ ಶುರು. ಗುಡಿಸಿ ಬೆಂಕಿ ಇಡೋದು ಸುಲಭ, ಆದರೆ ಆ ಹೊಗೆಯ ಪಿಎಂ 2.5 ಅನ್ನೋ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ಘನತ್ಯಾಜ್ಯ ನಿಯಮದಲ್ಲಿ ಬೀದಿಯಲ್ಲಿ ಕಸ ಸುಡುವಂತೆಯೇ ಇಲ್ಲ.

ಹಳೇ ಡ್ರಮ್ಮಿಗೆ ಸುತ್ತಲೂ, ತಳಕ್ಕೂ ತೂತು ಹಾಕಿ. ಎಲೆ ಪುಡಿ ಮಾಡಿ ತುಂಬಿ, ಗೇಣುದ್ದಕ್ಕೊಮ್ಮೆ ಸಗಣಿ ನೀರನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸಿ. ತೇವ ಎಷ್ಟಿರಬೇಕು? ಒಂದು ಹಿಡಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೊದಲ ಸಲ ನಾನು ನೀರು ಜಾಸ್ತಿ ಸುರಿದಿದ್ದೆ, ಪಕ್ಕದ ಮನೆ ಆಂಟಿ ಮೂಗು ಮುಚ್ಚಿಕೊಂಡೇ ಬಂದರು! ಹಾಗಾದರೆ ಒಣ ಎಲೆ ಸೇರಿಸಿ ಕೋಲಿನಲ್ಲಿ ತಿರುವಿ, ಅಷ್ಟೇ. ವಾರಕ್ಕೊಮ್ಮೆ ತಿರುವುತ್ತಿದ್ದರೆ 3-4 ತಿಂಗಳಲ್ಲಿ ಕಪ್ಪು ಗೊಬ್ಬರ ಸಿಗುತ್ತೆ. ಮಾವಿನ ಎಲೆ ಮಾತ್ರ ಹಠಮಾರಿ, ಬೇಗ ಕೊಳೆಯಲ್ಲ.