ಮಳೆಗಾಲದಲ್ಲಿ ಗುರುತ್ವ ಮಸೂರ ಹುಡುಕುವ ಬಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ತೀರ್ಥಹಳ್ಳಿ ಕಡೆ ಟೆಲಿಸ್ಕೋಪ್ ಹೊರಗಿಡುವ ಮಾತೇ ಇಲ್ಲ. ಗುರುತ್ವ ಮಸೂರ ಎಂದರೆ ಹಿಂದಿರುವ ದೂರದ ಗ್ಯಾಲಕ್ಸಿಯ ಬೆಳಕನ್ನು ತನ್ನ ಗುರುತ್ವದಿಂದ ಬಾಗಿಸಿ, ಕಮಾನು ಅಥವಾ ಉಂಗುರದಂತೆ ತೋರಿಸುವ ಗ್ಯಾಲಕ್ಸಿ. ಅದನ್ನು ಹುಡುಕಲು ಟೆಲಿಸ್ಕೋಪ್ ಬೇಕಾಗಿಯೂ ಇಲ್ಲ. ಚಿಲಿ, ಅರಿಜೋನಾಗಳಲ್ಲಿ ತೆಗೆದ ಚಿತ್ರಗಳು ಲೆಗಸಿ ಸರ್ವೆ ಎಂಬ ಆಕಾಶ ಸಮೀಕ್ಷೆಯ ಸ್ಕೈ ವ್ಯೂವರ್ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿವೆ. ಗಾಳಿ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ಅನುಮಾನ ಬಂದ ಜಾಗದ ನಿರ್ದೇಶಾಂಕವನ್ನು ಆಗಲೇ ಬರೆದಿಡಿ.

ಮೊದಲು ಕಣ್ಣು ಪಳಗಲಿ. ಹುಡುಕುವ ಪೆಟ್ಟಿಗೆಯಲ್ಲಿ 177.138, 19.501 ಎಂದು ಹಾಕಿ. 2007ರಲ್ಲಿ ಪತ್ತೆಯಾದ ಕಾಸ್ಮಿಕ್ ಹಾರ್ಸ್‌ಶೂ ಬರುತ್ತದೆ: ನಡುವೆ ಕೆಂಪು ಗ್ಯಾಲಕ್ಸಿ, ಸುತ್ತ ಸುಮಾರು 10 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಅಗಲದ ನೀಲಿ ಉಂಗುರ. ಇಷ್ಟು ದೊಡ್ಡದು ಅಪರೂಪ. ಸಾಮಾನ್ಯವಾಗಿ ಕಮಾನು ಕೇಂದ್ರದಿಂದ 1–2 ಆರ್ಕ್‌ಸೆಕೆಂಡ್ ದೂರದಲ್ಲೇ, ಬಳೆ ಚೂರಿನಂತೆ ಬಿದ್ದಿರುತ್ತದೆ. ಒಂದು ಪಿಕ್ಸೆಲ್ 0.262 ಆರ್ಕ್‌ಸೆಕೆಂಡ್, ವಾತಾವರಣದ ಮಸುಕು ಒಂದು ಆರ್ಕ್‌ಸೆಕೆಂಡಿಗಿಂತ ಹೆಚ್ಚು. ಹಾಗಾಗಿ ಚಿಕ್ಕ ಕಮಾನು ಗ್ಯಾಲಕ್ಸಿಯ ಬೆಳಕಲ್ಲೇ ಕರಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸುಮ್ಮನೆ ಆಕಾಶವೆಲ್ಲ ಅಲೆದರೆ ಏನೂ ಸಿಗದು. ಸಮೀಕ್ಷೆಯ ಕ್ಯಾಟಲಾಗ್‌ನಲ್ಲಿ ಡಿಇವಿ (DEV) ಅಥವಾ ಎಸ್‌ಇಆರ್ (SER) ಎಂಬ ಬೆಳಕಿನ ಹರವಿನ ಮಾದರಿಗೆ ಹೊಂದುತ್ತದೆಂದು ಗುರುತಾದ, ಝಡ್ ಬ್ಯಾಂಡಿನಲ್ಲಿ (ಕೆಂಪಿನಾಚೆಯ ಬೆಳಕಿನ ಫಿಲ್ಟರ್) ಕಾಂತಿಮಾನ 20ಕ್ಕಿಂತ ಪ್ರಕಾಶಮಾನವಾದ, ಅಂದರೆ ಸಂಖ್ಯೆ 20ಕ್ಕಿಂತ ಕಡಿಮೆಯಿರುವ ಕೆಂಪು ಗ್ಯಾಲಕ್ಸಿಗಳನ್ನಷ್ಟೇ ಆರಿಸಿ. ಒಂದೊಂದರ ಸುತ್ತ 128 ಪಿಕ್ಸೆಲ್ ಚೌಕ ಕತ್ತರಿಸಿದರೆ ಸುಮಾರು 33 ಆರ್ಕ್‌ಸೆಕೆಂಡ್ ಸಿಗುತ್ತದೆ, ಅಷ್ಟು ಸಾಕು. ಹಳದಿ-ಕೆಂಪು ಗ್ಯಾಲಕ್ಸಿಗಳು ಗುಂಪುಗೂಡಿದ ಕಡೆ ಹೆಚ್ಚು ಹೊತ್ತು ನಿಲ್ಲಿ, ಗುಂಪಿನ ದ್ರವ್ಯರಾಶಿ ಕಮಾನನ್ನು ದೂರಕ್ಕೆ ತಳ್ಳುತ್ತದೆ.

ಆಮೇಲೆ ರೆಸಿಡ್ಯುಯಲ್ಸ್ ಪದರ ಹಾಕಿ. ಗ್ಯಾಲಕ್ಸಿಯ ಮಾದರಿ ಕಳೆದು ಉಳಿದ ಬೆಳಕು ಅಲ್ಲಿರುತ್ತದೆ, ಮುಚ್ಚಿಹೋದ ಕಮಾನು ಎದ್ದು ಕಾಣುವುದು ಇಲ್ಲೇ. ಆದರೆ ಸಾಫ್ಟ್‌ವೇರ್ ಕೆಲವೊಮ್ಮೆ ಕಮಾನನ್ನೇ ಬೇರೊಂದು ಗ್ಯಾಲಕ್ಸಿ ಎಂದುಕೊಂಡು ಅದನ್ನೂ ಕಳೆದುಬಿಡುತ್ತದೆ. ರೆಸಿಡ್ಯುಯಲ್ ಖಾಲಿ ಎಂದು ಕೈಬಿಡದೆ ಮೂಲ ಚಿತ್ರವನ್ನೂ ನೋಡಿ.

ಹೆಚ್ಚು ಮೋಸ ಮಾಡುವುದು ಸುರುಳಿ ಗ್ಯಾಲಕ್ಸಿಯ ತೋಳು. ತೋಳು ನಡುಭಾಗದಿಂದ ಹೊರಟು ದೂರ ಸರಿಯುತ್ತ ಹೋಗುತ್ತದೆ. ಕಮಾನು ನಡುಭಾಗಕ್ಕೆ ಅಂಟದೆ, ಅದನ್ನೇ ಕೇಂದ್ರವಾಗಿಟ್ಟುಕೊಂಡು ಬಾಗುತ್ತದೆ. ಎದುರು ಬದಿಯಲ್ಲಿ, ಕೇಂದ್ರಕ್ಕೆ ಇನ್ನೂ ಹತ್ತಿರ, ಅದೇ ಬಣ್ಣದ ಮಂಕು ಚುಕ್ಕೆ ಸಿಕ್ಕರೆ ನಂಬಿಕೆ ಗಟ್ಟಿಯಾಗುತ್ತದೆ. ಬಣ್ಣ ಬೇರೆಯಾದರೆ ಬಿಟ್ಟುಬಿಡಿ.

ಕೊನೆಗೆ ಆಕಾಶಕಾಯಗಳ ಮಾಹಿತಿಕೋಶವಾದ ಸಿಂಬಾಡ್‌ನಲ್ಲಿ ನಿರ್ದೇಶಾಂಕ ಹಾಕಿ, ಮೊದಲೇ ಯಾರಾದರೂ ಕಂಡಿದ್ದಾರೆಯೇ ಪರೀಕ್ಷಿಸಿ. ಕಮಾನಿನ ರೆಡ್‌ಶಿಫ್ಟ್ (ದೂರ ಹೆಚ್ಚಿದಷ್ಟೂ ಬೆಳಕು ಕೆಂಪಿನ ಕಡೆ ಸರಿಯುವ ಪ್ರಮಾಣ) ನಡುವಿನ ಗ್ಯಾಲಕ್ಸಿಯದಕ್ಕಿಂತ ಹೆಚ್ಚೆಂದು ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ತಿಳಿಯುವವರೆಗೆ ಪಟ್ಟಿಯಲ್ಲಿ ‘ಸಂಭಾವ್ಯ’ ಎಂದೇ ಇರಲಿ.