ಗದ್ದೆ ತುಂಬ ಸಣ್ಣ ಬಾಕ್ಸ್: ನೆಟ್‌ವರ್ಕ್ ಸೌಂಡಿನಲ್ಲಿ ನನ್ನ ಅನುಭವ

ಎರಡು ವರ್ಷದ ಹಿಂದೆ ಯಕ್ಷಗಾನದ ಆಟದ ಗದ್ದೆಗೆ, ಸೌಂಡನ್ನು ಕಂಪ್ಯೂಟರ್ ಕೇಬಲಿನಲ್ಲಿ ಹಂಚಲಿಕ್ಕೆ ಅಂತ ನಾನು ನೆಟ್‌ವರ್ಕ್ ಸ್ವಿಚ್ (ಆ ಕೇಬಲುಗಳನ್ನೆಲ್ಲ ಸೇರಿಸುವ ಪೆಟ್ಟಿಗೆ) ಹೊತ್ತುಕೊಂಡು ಹೋದಾಗ ನಮ್ಮ ಪುತ್ತೂರು ಕಡೆಯ ಮೈಕ್‌ನವರೆಲ್ಲ ನಕ್ಕಿದ್ದರು. "ಇದು ಆಫೀಸಿನವರ ಸಾಮಾನು ಮಾರಾಯ, ಮಳೆ ಬಂದ್ರೆ ಎಂತ ಮಾಡ್ತಿ?" ಅಂತ ನನ್ನ ಭಾವನೇ ಕೇಳಿದ್ದ. ಅವನೂ ಇದೇ ಕಸುಬಿನವ, ಎರಡು ಬದಿ ಆಳೆತ್ತರ ಸ್ಪೀಕರ್ ಬಾಕ್ಸ್ ಪೇರಿಸದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಈ ಸೀಸನಿನಲ್ಲಿ ಒಂದು ದೇವಸ್ಥಾನದ ಒಂಬತ್ತು ದಿನದ ಬ್ರಹ್ಮಕಲಶೋತ್ಸವವನ್ನು ಒಂದು ಸಲವೂ ಸೌಂಡ್ ನಿಲ್ಲದ ಹಾಗೆ ಮುಗಿಸಿದೆ. ಹತ್ತನೇ ದಿನ ಅದೇ ಭಾವ ಫೋನ್ ಮಾಡಿ ಸ್ವಿಚ್ಚಿನ ಮಾಡೆಲ್ ಕೇಳಿದ. ಅವನಿಗೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಇಲ್ಲಿಯೂ ಉಂಟು.

ಯಾಕೆ ಬೇಕಾಯಿತು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ ಎನ್ನುವ ನಿಯಮ 2000ನೇ ಇಸವಿಯದ್ದೇ. 10ರ ಒಳಗೂ ಜಾಗದ ಗಡಿಯಲ್ಲಿ 75 ಡೆಸಿಬಲ್ ಮೀರುವ ಹಾಗಿಲ್ಲ. ಮುಂದೆ ಎರಡು ಬೆಟ್ಟದಂಥ ಬಾಕ್ಸ್ ಇಟ್ಟು ಹಿಂದಿನ ಸಾಲಿಗೆ ಕೇಳಿಸಬೇಕಾದರೆ ಮುಂದಿನ ಸಾಲಿನ ಅಜ್ಜಂದಿರ ಕಿವಿ ಹೋಗುತ್ತದೆ, ಆಚೆ ಮನೆಯವರು ಪೊಲೀಸರಿಗೆ ಫೋನ್ ಮಾಡುತ್ತಾರೆ. ಗದ್ದೆ ತುಂಬ ಸಣ್ಣ ಬಾಕ್ಸ್ ಹಂಚಿ ಎಲ್ಲವನ್ನೂ ಮೆಲ್ಲಗೆ ನುಡಿಸಿದರೆ ಎರಡೂ ತಾಪತ್ರಯ ಇಲ್ಲ. ಹಂಡ್ರೆಡ್ ವೋಲ್ಟ್ ಲೈನಿನಲ್ಲಿ (ಒಂದೇ ಉದ್ದ ವಯರಿಗೆ ಹಲವು ಸ್ಪೀಕರ್ ಕಟ್ಟುವ ಪದ್ಧತಿ) ಹಾರ್ನ್ ಹಂಚಿದವರಿಗೆ ಇದು ಹಳೇ ವಿದ್ಯೆ. ಆದರೆ ಅದರಲ್ಲಿ ಸಾಲಿಗೊಂದು ಡಿಲೇ (ಸ್ವರವನ್ನು ಬೇಕೆಂದೇ ತುಸು ತಡವಾಗಿ ಬಿಡುವುದು) ಕೊಡಬೇಕಾದರೆ ಸಾಲಿಗೊಂದು ಆಂಪ್ಲಿಫೈಯರ್, ಸಾಲಿಗೊಂದು ವಯರು. ನೆಟ್‌ವರ್ಕಿನಲ್ಲಾದರೆ ಒಂದೇ ಕೇಬಲಿನಲ್ಲಿ ಎಲ್ಲ ಸಾಲಿನ ಸ್ವರವೂ ಬೇರೆ ಬೇರೆಯಾಗಿ ಹೋಗುತ್ತದೆ.

ಡಿಲೇ ಇಲ್ಲದೆ ಮಾಡಿದರೆ ಏನಾಗುತ್ತದೆ ಅಂತ ಮೊದಲ ಆಟದಲ್ಲೇ ತಿಳಿಯಿತು. ಭಾಷಣಕ್ಕೆ ಹೇಗೋ ನಡೆಯುತ್ತದೆ, ಚೆಂಡೆಗೆ ನಡೆಯುವುದಿಲ್ಲ. ಹಿಂದೆ ಕೂತವನಿಗೆ ಒಂದೊಂದು ಪೆಟ್ಟೂ ಎರಡೆರಡು: ಹತ್ತಿರದ ಬಾಕ್ಸಿನದ್ದು ಮೊದಲು, ರಂಗಸ್ಥಳದ್ದು ಆಮೇಲೆ. ಅರ್ಧ ಗಂಟೆಗೆ ಭಾಗವತರು ಹುಡುಗನನ್ನು ಕಳಿಸಿದರು: "ಎಂತ ಮಾರಾಯ, ನಾನು ಹೇಳಿದ ಪದ ಗದ್ದೆಯ ಆ ಕೊಡಿಗೆ ಹೋಗಿ ನನಗೇ ವಾಪಸ್ ಬರ್ತದಲ್ಲ!" ಆ ರಾತ್ರಿ ಹಿಂದಿನ ಸಾಲುಗಳನ್ನು ಆಫ್ ಮಾಡಿಯೇ ಮುಗಿಸಿದೆ. ಬಾಡಿಗೆಯಲ್ಲಿ ಮೂರು ಸಾವಿರ ಮುರಿದುಕೊಂಡರು.

ಸೆಟಪ್ ಹೀಗೆ. ಎಕ್ಸ್32 ಮಿಕ್ಸರ್ ಮೊದಲೇ ಇತ್ತು. ಅದಕ್ಕೆ ಡಾಂಟೆ (ನೆಟ್‌ವರ್ಕಿನಲ್ಲಿ ಆಡಿಯೋ ಕಳಿಸುವ ಪದ್ಧತಿ) ಕಾರ್ಡ್ ಸೆಕೆಂಡ್ ಹ್ಯಾಂಡ್, ಮೂವತ್ತೈದು ಸಾವಿರದ ಹತ್ತಿರ. ನೆಟ್‌ವರ್ಕಿನಿಂದ ಸ್ವರವನ್ನು ಬಾಕ್ಸಿಗೆ ಇಳಿಸಲಿಕ್ಕೆ ಎರಡು ಚಾನೆಲ್ ಔಟ್‌ಪುಟ್‌ನ ಡಾಂಟೆ ಅಡಾಪ್ಟರ್ ಐದು, ಒಂದೊಂದಕ್ಕೆ ಹದಿನೇಳೋ ಹದಿನೆಂಟೋ ಸಾವಿರ. ಅದು ಬಿದ್ದದ್ದೇ ದೊಡ್ಡ ಪೆಟ್ಟು. ಎಂಟಿಂಚಿನ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಬಾಕ್ಸ್ ಹದಿನಾಲ್ಕು, ಅರ್ಧ ನನ್ನವು, ಉಳಿದದ್ದು ಬಾಡಿಗೆಗೆ. 20, 40, 60 ಮೀಟರಿನಲ್ಲಿ ಮೂರು ಸಾಲು, ಮತ್ತೆ ಭೋಜನಶಾಲೆ, ಪಾರ್ಕಿಂಗ್. 60 ಮೀಟರಿಗೆ ಸುಮಾರು 174 ಮಿಲಿಸೆಕೆಂಡು ಡಿಲೇ. ಸ್ವರ ರಂಗಸ್ಥಳದಿಂದಲೇ ಬಂದ ಹಾಗೆ ಆಗಬೇಕಾದರೆ ಮೇಲಿಂದ ಹತ್ತು-ಹದಿನೈದು ಎಲ್ಲರೂ ಸೇರಿಸುತ್ತಾರೆ. ನಾನು ಭಾಗವತರಿಗೂ ಚೆಂಡೆಗೂ ಒಂದೇ ಅಂಕಿ ಕೊಡುವುದಿಲ್ಲ. ಹೇಗೆ ಬೇರೆ ಮಾಡುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಭಾವನಿಗೂ ಹೇಳಿಲ್ಲ. ಅಳೆಯಲಿಕ್ಕೆ ಆ್ಯಪ್ ಎಲ್ಲ ಬೇಡ. ರಂಗಸ್ಥಳದಲ್ಲಿ ಹುಡುಗನ ಕೈಯಲ್ಲಿ ಎರಡು ರೀಪಿನ ತುಂಡು ಕೊಟ್ಟು ಮೈಕಿನ ಎದುರು ಬಡಿಸಿ, ಸಾಲಿನಲ್ಲಿ ನಿಂತು ಕೇಳಿದರೆ ಸಾಕು.

ಸಂಜೆಯ ಸೆಕೆಯಲ್ಲಿ ಹೊಂದಿಸಿದ ಡಿಲೇ ರಾತ್ರಿಯ ತಂಪಿಗೆ 60 ಮೀಟರಿನಲ್ಲಿ ಎರಡು-ಮೂರು ಮಿಲಿಸೆಕೆಂಡು ಜಾರುತ್ತದೆ. ತಲೆ ಕೆಡಿಸಿಕೊಳ್ಳಬೇಡಿ. ನಾನು ಒಂದು ತಿಂಗಳು ಕೆಡಿಸಿಕೊಂಡೆ, ಥರ್ಮಾಮೀಟರ್ ಕೂಡ ತಂದೆ. ಕೇಳುವವರಿಗೆ ಏನೂ ಗೊತ್ತಾಗಲಿಲ್ಲ.

ಇನ್ನು ಬ್ರಹ್ಮಕಲಶಕ್ಕೆ ಮೊದಲು ಕೈಸುಟ್ಟ ಕಥೆಗಳು. ಮೊದಲನೆಯದು ಕೇಬಲ್. ಕ್ಯಾಟ್6 ನೆಟ್‌ವರ್ಕ್ ಕೇಬಲಿನ ಬಾಕ್ಸ್ ಮೂರೂವರೆ ಸಾವಿರಕ್ಕೆ ಸಿಕ್ಕಿತು ಅಂತ ಹಿಗ್ಗಿ ತಂದೆ. ಅಡಾಪ್ಟರಿಗೆ ಕರೆಂಟ್ ಅದೇ ಕೇಬಲಿನಲ್ಲಿ, ಪಿಒಇಯಲ್ಲಿ, ಹೋಗಬೇಕು. ಎಂಬತ್ತು ಮೀಟರ್ ದಾಟಿದ್ದೇ ಅಡಾಪ್ಟರ್ ಹತ್ತು ನಿಮಿಷಕ್ಕೊಮ್ಮೆ ಸತ್ತು ಹುಟ್ಟುತ್ತಿತ್ತು. ಬ್ಲೇಡಿನಲ್ಲಿ ತಂತಿ ಕೆರೆದು ನೋಡಿದರೆ ಒಳಗೆ ಬಿಳಿ! ತೆಳ್ಳಗೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಶುದ್ಧ ತಾಮ್ರದ ಕೇಬಲಿನ ಬಾಕ್ಸಿಗೆ ಎಂಟೊಂಬತ್ತು ಸಾವಿರ ಬಿತ್ತು, ಎತ್ತಿದರೆ ಭಾರದಲ್ಲೇ ಗೊತ್ತಾಗುತ್ತದೆ. ಹಳೆಯದನ್ನು ತಂಗಿ ಬಟ್ಟೆ ಒಣಗಿಸಲಿಕ್ಕೆ ಕಟ್ಟಿಕೊಂಡಿದ್ದಾಳೆ.

ಎರಡನೆಯದು ಸ್ವಿಚ್ಚಿನ ಒಳಗೆ. ಕರೆಂಟ್ ಉಳಿಸುವ ಗ್ರೀನ್ ಈಥರ್‌ನೆಟ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಅದು ಆನ್ ಇದ್ದರೆ ಎಲ್ಲ ಪೆಟ್ಟಿಗೆಗಳ ಸಮಯ ಹೊಂದಿಸುವ ಡಾಂಟೆಯ ಗಡಿಯಾರ ಮುಗ್ಗರಿಸಿ ಅಲ್ಲೊಂದು ಇಲ್ಲೊಂದು ಟಿಕ್ ಟಿಕ್ ಸದ್ದು. ಬಾಕ್ಸ್ ಹಾಳಾಯಿತು ಅಂತ ಎರಡು ಟ್ವೀಟರ್ ಬದಲಿಸಿದೆ, ಸಾವಿರದ ಎಂಟುನೂರು ಹೋಯಿತು. ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಲಿಕ್ಕೆ ಬರುವ) ಸ್ವಿಚ್ಚೇ ತಗೊಳ್ಳಿ, ತಂದ ದಿನವೇ ಅದನ್ನು ಆಫ್ ಮಾಡಿ.

ಮಾನ ಹೋದದ್ದು ಮೂರನೆಯದರಲ್ಲಿ. ಭೋಜನಶಾಲೆಯ ಟೀವಿಗೆ ಗರ್ಭಗುಡಿಯ ಎದುರಿನ ಕ್ಯಾಮೆರಾ ತೋರಿಸಬೇಕು ಅಂತ ಮೊಕ್ತೇಸರರು ಹೇಳಿದರು. ನೆಟ್‌ವರ್ಕ್ ಹೇಗೂ ಉಂಟಲ್ಲ, ನಾಲ್ಕು ಸಾವಿರ ಕೊಟ್ಟು ಒಂದು ಎಚ್‌ಡಿಎಂಐ ಸೆಂಡರ್ (ಚಿತ್ರವನ್ನು ನೆಟ್‌ವರ್ಕಿನಲ್ಲಿ ಕಳಿಸುವ ಪೆಟ್ಟಿಗೆ) ತಂದು ಅದೇ ಸ್ವಿಚ್ಚಿಗೆ ಚುಚ್ಚಿದೆ. ಚಿತ್ರ ಚಂದ ಬಂತು, ಸೌಂಡ್ ಸತ್ತಿತು! ಮಂತ್ರಿಗಳು ಮಾತಾಡುತ್ತಿದ್ದರು, ಹಿಂದಿನ ಎರಡು ಸಾಲು ಬರೀ ಗರಗರ. ಆ ಪೆಟ್ಟಿಗೆ ಚಿತ್ರವನ್ನು ಮಲ್ಟಿಕಾಸ್ಟ್ ಮಾಡಿ ಎಲ್ಲ ಪೋರ್ಟಿಗೂ ಸುರಿಯುತ್ತದೆ. ಮಿಕ್ಸರಿನ ಕಾರ್ಡ್ ಗಿಗಾಬಿಟ್, ಅದು ತಡೆದುಕೊಂಡಿತು. ಅಡಾಪ್ಟರಿನ ಪೋರ್ಟ್ ಬರೀ ನೂರು ಮೆಗಾಬಿಟ್, ಅದರ ಉಸಿರು ಕಟ್ಟಿತು. ಆಡಿಯೋಗೆ ಬೇಕಾದದ್ದು ಆರೇ ಮೆಗಾಬಿಟ್, ಅದಕ್ಕೂ ಜಾಗ ಇಲ್ಲ. ಮರುದಿನವೇ ವೀಡಿಯೋಗೆ ಬೇರೆ ವಿಎಲ್‌ಎಎನ್ (ಅದೇ ಸ್ವಿಚ್ಚಿನೊಳಗೆ ಪ್ರತ್ಯೇಕ ದಾರಿ) ಕೊಟ್ಟೆ, ಎಲ್ಲ ಸ್ವಿಚ್ಚಿನಲ್ಲೂ ಐಜಿಎಂಪಿ ಸ್ನೂಪಿಂಗ್ (ಮಲ್ಟಿಕಾಸ್ಟನ್ನು ಕೇಳಿದ ಪೋರ್ಟಿಗೆ ಮಾತ್ರ ಕಳಿಸುವುದು) ಆನ್ ಮಾಡಿದೆ. ಯಾರಿಗೆ ಬೇಕು ಅಂತ ಆಗಾಗ ವಿಚಾರಿಸುವ ಕ್ವೆರಿಯರ್ ಮಾತ್ರ ಒಂದೇ ಸ್ವಿಚ್ಚಿನಲ್ಲಿ ಇಡಿ. ಅದನ್ನು ಎಲ್ಲೂ ಇಡದೆ ಸ್ನೂಪಿಂಗ್ ಆನ್ ಮಾಡಿದರೆ ಸ್ವಲ್ಪ ಹೊತ್ತು ಎಲ್ಲ ಸರಿ ನಡೆದು ಆಮೇಲೆ ನಿಲ್ಲುತ್ತದೆ, ಪರೀಕ್ಷೆಯಲ್ಲಿ ಪಾಸಾಗಿ ಕಾರ್ಯಕ್ರಮದಲ್ಲಿ ಫೇಲ್. ಕ್ಯುಒಎಸ್‌ನಲ್ಲಿ (ಯಾವುದು ಮೊದಲು ಹೋಗಬೇಕು ಎನ್ನುವ ಸೆಟ್ಟಿಂಗ್) ಡಾಂಟೆಯ ಗಡಿಯಾರದ ಗುರುತು 56, ಆಡಿಯೋದ್ದು 46, ಇವೆರಡು ಮೇಲೆ.

ನಾಲ್ಕನೆಯದು ಏಪ್ರಿಲಿನ ಸಿಡಿಲು. ಗದ್ದೆಗೆ ಒಂದು ಜನರೇಟರ್, ಭೋಜನಶಾಲೆಗೆ ಇನ್ನೊಂದು, ಮಧ್ಯೆ ತಾಮ್ರದ ಕೇಬಲ್. ಸಂಜೆ ಐದಕ್ಕೆ ಹತ್ತಿರದ ತೆಂಗಿನ ಮರಕ್ಕೆ ಸಿಡಿಲು ಬಿತ್ತು. ಒಂದು ಸ್ವಿಚ್, ಎರಡು ಅಡಾಪ್ಟರ್, ಒಟ್ಟು ನಲವತ್ತೈದು ಸಾವಿರದಷ್ಟು ಹೊಗೆಯಾಯಿತು. ಮನೆಯಲ್ಲಿ ಅರ್ಧಕ್ಕರ್ಧ ಕಡಿಮೆ ಹೇಳಿದ್ದೇನೆ.

ಅಲ್ಲಿಂದ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್. ಇದನ್ನು ಮೊದಲೇ ಮಾಡಬೇಕಿತ್ತು. ನಾಲ್ಕು ಕೋರಿನ (ಎಳೆಯ) ಹೊರಾಂಗಣ ಫೈಬರ್ ಮೀಟರಿಗೆ ಹತ್ತು ರೂಪಾಯಿ ಆಚೀಚೆ ಬಿತ್ತು, ತಾಮ್ರಕ್ಕಿಂತ ಅಗ್ಗ! ಊರಿನ ಕೇಬಲ್ ಟೀವಿ ಹುಡುಗ ಸ್ಪ್ಲೈಸಿಂಗ್ ಮಿಷನ್ ತಂದು ಎರಡು ಕೊಡಿಯಲ್ಲೂ ಕನೆಕ್ಟರ್ ಬೆಸೆದು ಕೊಟ್ಟ, ಚಾ-ಗೋಳಿಬಜೆ ಸೇರಿ ಸಾವಿರದ ಒಳಗೆ. ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿದರೆ ಆಯಿತು. ಗಾಜಿನಲ್ಲಿ ಸಿಡಿಲೂ ಹರಿಯುವುದಿಲ್ಲ, ಎರಡು ಜನರೇಟರಿನ ನಡುವಿನ ಗುಂಯ್ ಕೂಡ ಇಲ್ಲ. ಎರಡು ಕೋರು ಕೆಲಸಕ್ಕೆ, ಎರಡು ಖಾಲಿ. ಎಳೆದ ಮೂರನೇ ದಿನ ಪಾರ್ಕಿಂಗ್ ಬದಿ ಜೆಸಿಬಿಯವ ಇಡೀ ಕೇಬಲನ್ನೇ ತುಂಡು ಮಾಡಿದ ಕಾರಣ ಖಾಲಿ ಕೋರು ಉಪಯೋಗಕ್ಕೆ ಬರಲಿಲ್ಲ. ಈಗ ಎರಡನೇ ಕೇಬಲ್ ಬೇರೆ ದಾರಿಯಲ್ಲಿ ಎಳೆಯುತ್ತೇನೆ. ಒಂದು ಸತ್ತರೆ ಇನ್ನೊಂದು ತಾನಾಗಿ ಏಳುವ ಹಾಗೆ ಮಾಡಿದ್ದೇನೆ, ಆ ಸೆಟ್ಟಿಂಗ್ ಬೇಕಾದವರು ಒಮ್ಮೆ ನನ್ನ ಜೊತೆ ಕೆಲಸಕ್ಕೆ ಬನ್ನಿ.

ವೀಡಿಯೋಗೆ ಆ ಸೆಂಡರ್ ಬಿಟ್ಟು ಎನ್‌ಡಿಐಗೆ (ನೆಟ್‌ವರ್ಕಿನಲ್ಲಿ ವೀಡಿಯೋ ಕಳಿಸುವ ಇನ್ನೊಂದು ಪದ್ಧತಿ) ಬಂದೆ. ಒಂದು ಸ್ಟ್ರೀಮಿಗೆ ನೂರು ಮೆಗಾಬಿಟ್ಟಿನ ಆಸುಪಾಸು. ನಾಲ್ಕು ಟೀವಿಗೆ ನಾಲ್ಕು ಪ್ರತಿ, ಗಿಗಾಬಿಟ್‌ನಲ್ಲಿ ಹಾಯಾಗಿ ಹಿಡಿಯುತ್ತದೆ. ಟೀವಿಯ ಹಿಂದೆ ಆರೇಳು ಸಾವಿರದ ಹಳೇ ಮಿನಿ ಪಿಸಿ. ಭೋಜನಶಾಲೆಯಲ್ಲಿ ತುಟಿಗೂ ಮಾತಿಗೂ ತಾಳೆ ಇರಲಿಲ್ಲ. ದೂರದ ಲೆಕ್ಕದಲ್ಲಿ 350 ಮಿಲಿಸೆಕೆಂಡು ಡಿಲೇ ಇಟ್ಟಿದ್ದೆ, ಚಿತ್ರ ಅದಕ್ಕಿಂತ ಮೊದಲೇ ಬರುತ್ತಿತ್ತು. ಶೀಟ್ ಮುಚ್ಚಿದ ಭೋಜನಶಾಲೆ, ಗದ್ದೆಯ ಸ್ವರ ನೇರ ಬರುವುದೇ ಕಡಿಮೆ. ದೂರವನ್ನು ಮರೆತು 180ಕ್ಕೆ ಇಳಿಸಿ ಚಿತ್ರಕ್ಕೆ ಹೊಂದಿಸಿದೆ.

ನಾಲ್ಕನೇ ಟೀವಿ ಯಾರೂ ಕೇಳಿದ್ದಲ್ಲ. ಅಡುಗೆಯವರಲ್ಲಿಗೆ ಇಟ್ಟೆ. ಮಹಾಪೂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಕೇಳಲಿಕ್ಕೆ ಅವರು ಹತ್ತು ನಿಮಿಷಕ್ಕೊಬ್ಬ ಹುಡುಗನನ್ನು ಓಡಿಸುತ್ತಿದ್ದರು. ಈಗ ಮಂಗಳಾರತಿ ಟೀವಿಯಲ್ಲಿ ಕಂಡ ಕೂಡಲೇ ಕೊನೆಯ ಅನ್ನದ ಕೊಪ್ಪರಿಗೆ ಬಾಗಿಸುತ್ತಾರೆ. ಒಂಬತ್ತು ದಿನವೂ ನನಗೆ ಹೋಳಿಗೆ ಎರಡು ಜಾಸ್ತಿ.

ಪಾರ್ಕಿಂಗಿಗೆ ದುಬಾರಿ ಅಡಾಪ್ಟರ್ ಯಾಕೆ ಅಂತ ರಾಸ್ಪ್‌ಬೆರಿ ಪೈ ಎನ್ನುವ ಪುಟ್ಟ ಕಂಪ್ಯೂಟರಿನಲ್ಲಿ ಸ್ನ್ಯಾಪ್‌ಕಾಸ್ಟ್ (ನೆಟ್‌ವರ್ಕಿನಲ್ಲಿ ಹಲವು ಕಡೆ ಒಟ್ಟಿಗೆ ನುಡಿಸುವ ಸಾಫ್ಟ್‌ವೇರ್) ಹಾಕಿ ನೋಡಿದೆ. ಅದು ಒಂದು ಸೆಕೆಂಡು ತಡವಾಗಿ ನುಡಿಯುತ್ತದೆ, ಅಷ್ಟು ದೂರದಲ್ಲಿ ಅಡ್ಡಿ ಇಲ್ಲ. ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವವರಿಗೆ ವೈಫೈಯಲ್ಲೇ ಮೂರು ಮೂಲೆಯಲ್ಲಿ ಒಟ್ಟಿಗೆ ಹಾಡಿತ್ತು. ಜಾತ್ರೆಯಲ್ಲಿ ಸಾವಿರಾರು ಮೊಬೈಲ್ ಬಂದದ್ದೇ ವೈಫೈ ಮಲಗಿತು. ಫೈಬರಿನ ಕೊಡಿಗೆ ವಯರಿನಲ್ಲಿ ಸಿಕ್ಕಿಸಿದೆ, ಆಮೇಲೆ ತೊಂದರೆ ಕೊಡಲಿಲ್ಲ. ಡಿಜಿಟಲ್ ಸ್ವರವನ್ನು ಬಾಕ್ಸಿಗೆ ಬೇಕಾದ ಹಾಗೆ ಬದಲಿಸುವ ಡಿಎಸಿ ಸೇರಿ ಏಳು ಸಾವಿರದಲ್ಲಿ ಮುಗಿಯಿತು.

ಸುಟ್ಟದ್ದೆಲ್ಲ ಸೇರಿಸಿ ಮೂರು ಮುಕ್ಕಾಲು ಲಕ್ಷ ಇಳಿದಿರಬಹುದು. ಈ ಸೀಸನಿನಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬಂತು. ಎತ್ತುವ ಜನ ಆರರಿಂದ ಮೂರಕ್ಕೆ ಇಳಿದರು, ಲಾರಿಯ ಬದಲು ಪಿಕಪ್ ಸಾಕು. ಇನ್ನೂ ಸರಿಯಾಗದ್ದು ಒಂದೇ. ಬ್ರಹ್ಮಕಲಶದ ಬಿಲ್ ಕೊಟ್ಟಾಗ ಸಮಿತಿಯ ಖಜಾಂಚಿಯವರು ಕನ್ನಡಕ ಏರಿಸಿ ಬಾಕ್ಸ್‌ಗಳ ಕಡೆ ನೋಡಿದರು. "ಸೌಂಡ್ ಭಾರೀ ಒಳ್ಳೆದಿತ್ತು, ಇಲ್ಲ ಅಂತಲ್ಲ. ಆದ್ರೆ ಇಷ್ಟು ಸಣ್ಣ ಬಾಕ್ಸಿಗೆ ಇಷ್ಟು ರೇಟಾ?" ಅಂತ ಕೇಳಿ ಐದು ಸಾವಿರ ಕಡಿದೇ ಕೊಟ್ಟರು.